ಸಾವುಕಾರ ಹಲ್ಲಿಗೆ ತಂತಿ ಹಾಕಿಸಿದ್ದು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಸಿದ್ದಲಿಂಗೇಶನನ್ನು ಕಂಡರೆ ಎಲ್ಲರಿಗೂ ಒಂದು ಅಳುಕು. ದಲಾಲಿ ಅಂಗಡಿಯ ಗಾದಿಯ ಮೇಲೆ ಕುಳಿತನೆಂದರೆ ಮನುಷ್ಯ ನಗುವುದಿಲ್ಲ. ಆಡುವುದೇ ಎರಡು ಮಾತು, ಅದೂ ದಪ್ಪ ಮೀಸೆಯ ಒಳಗಿನಿಂದ. ಖರೀದಿದಾರರು ‘ಭಾಳ ಬಿಗಿ ಆಸಾಮಿ’ ಎನ್ನುತ್ತಿದ್ದರು. ಹಮಾಲರು ಅವನನ್ನು ಕಂಡರೆ ಬೀಡಿ ಬೆನ್ನ ಹಿಂದೆ ಹಿಡಿಯುತ್ತಿದ್ದರು. ಪಾಪ, ಅವರಿಗೇನು ಗೊತ್ತು. ಅವನ ಬಿಗಿಯೆಲ್ಲ ಮೇಲಿನ ಸಾಲಿನ ಹಲ್ಲುಗಳ ಕೃಪೆ. ಅವು ಒಂದನ್ನೊಂದು ತಳ್ಳಿಕೊಂಡು ತುಟಿ ದಾಟಿ ಬಂದಿದ್ದವು. ಶಾಲೆಯಲ್ಲಿ ಹುಡುಗರು ‘ಹಲ್ಲುಬ್ಬ’ ಎಂದು ಕರೆಯತೊಡಗಿದಾಗ ಮುಚ್ಚಿದ ಬಾಯಿ ಅದು. ಮೀಸೆ ಚಿಗುರಿದ ಮೇಲೆ ಬಾಗಿಲಿಗೆ ಪರದೆಯೂ ಬಂತು.

ಸುಗ್ಗಿಯಲ್ಲಿ ಮಾತ್ರ ಅವನಷ್ಟು ಸುಖಿ ಇನ್ನೊಬ್ಬನಿರಲಿಲ್ಲ. ಮೆಣಸಿನಕಾಯಿಯ ಘಾಟು ತಾಳಲಾರದೆ ಪೇಟೆಯ ಜನರೆಲ್ಲ ಮೂಗು ಬಾಯಿಗೆ ವಸ್ತ್ರ ಕಟ್ಟಿಕೊಂಡು ಓಡಾಡುವ ಕಾಲ ಅದು. ಆ ವಸ್ತ್ರದೊಳಗೆ ಸಿದ್ದಲಿಂಗೇಶ ಬೇಕಾದಷ್ಟು ನಗುತ್ತಿದ್ದ. ಯಾರೂ ನೋಡುತ್ತಿರಲಿಲ್ಲ.

ಎರಡು ಸಾವಿರದ ಆರನೆಯ ಇಸವಿಯಲ್ಲಿ ಮಗಳು ಸುಶ್ಮಿತಾಳ ಹಲ್ಲು ತೋರಿಸಲು ರಾಣೆಬೆನ್ನೂರಿಗೆ ಕರೆದುಕೊಂಡು ಹೋದ. ಡಾಕ್ಟರು ಮಗಳ ಬಾಯಿ ನೋಡಿ ಮುಗಿಸಿ, ಕೈ ತೊಳೆಯುತ್ತ ಅಪ್ಪನ ಕಡೆ ತಿರುಗಿದರು.

“ನಿಮಗೂ ತಂತಿ ಹಾಕಬಹುದು ನೋಡ್ರಿ.”

“ನನಗ ನಲವತ್ತು ದಾಟ್ಯಾವ್ರಿ, ಸಾಹೇಬ್ರ.”

“ದಾಟಲಿ ಬಿಡ್ರಿ. ಹಲ್ಲು ವಯಸ್ಸು ಕೇಳೂದಿಲ್ಲ. ಸರಿಯಾಕ ಸ್ವಲ್ಪ ತಡಾ ಆಗತೈತಿ, ಅಷ್ಟ.”

ಸಿದ್ದಲಿಂಗೇಶ ಮಗಳನ್ನು ಕರೆದುಕೊಂಡು ಎದ್ದುಬಂದ. ಆದರೆ ಆ ಮಾತು ಬ್ಯಾಡಗಿಯವರೆಗೂ ಬಸ್ಸಿನಲ್ಲಿ ಅವನ ಪಕ್ಕದಲ್ಲೇ ಕುಳಿತುಕೊಂಡು ಬಂತು. ಮಗಳು ಮದುವೆಯ ವಯಸ್ಸಿಗೆ ಬರುತ್ತಿರುವಾಗ ಅಪ್ಪ ಹಲ್ಲು ಚೆಂದ ಮಾಡಿಸಿಕೊಳ್ಳುವುದೇ? ಹಲ್ಲಿನ ನಾಚಿಕೆಯ ಜೊತೆಗೆ ಈಗ ಆಸೆಯ ನಾಚಿಕೆಯೂ ಸೇರಿಕೊಂಡಿತು. ಆಮೇಲೆ ಹಾವೇರಿಯಲ್ಲಿ ತಂಗಿಯ ಮನೆಗೆ ಹೋದಾಗ ಮದುವೆಯೊಂದರ ವಿಡಿಯೋ ಹಾಕಿದರು. ಅದರಲ್ಲಿ ಯಾರದೋ ಚೇಷ್ಟೆಗೆ ನಗು ತಡೆಯಲಾಗದೆ, ಅಷ್ಟು ದೊಡ್ಡ ಮೀಸೆಯ ಗಂಡಸೊಬ್ಬ ಹೊಸ ಮದುಮಗಳ ಹಾಗೆ ಅಂಗೈಯಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಅದು ತಾನೇ. ಅಂದೇ ನಿರ್ಧಾರವಾಯಿತು.

ಹೆಂಡತಿ ನಿರ್ಮಲಾ ಕೇಳಿದವಳೇ ಸೆರಗು ಬಾಯಿಗೆ ಹಿಡಿದಳು. “ಮತ್ತೊಂದು ಹೆಣ್ಣು ನೋಡಾಕ ಹೊಂಟೀರೇನು?” ಎಂದಳು. ಅವನ ಮುಖ ನೋಡಿ ಪಾಪವೆನಿಸಿ, “ಹಾಕ್ಸಿಕೊಳ್ರಿ. ನಿಮ್ಮ ನಗಿ ನಾನೂ ಸರಿಯಾಗಿ ನೋಡಿಲ್ಲ” ಎಂದು ಸೇರಿಸಿದಳು. ಹೊರಗೆ ಯಾರಿಗೂ ಹೇಳಬಾರದೆಂದು ಹೆಂಡತಿ ಮಗಳಿಬ್ಬರಿಂದಲೂ ಆಣೆ ಮಾಡಿಸಿಕೊಂಡ. ಸುಗ್ಗಿ ಶುರುವಾಗುವುದನ್ನೇ ಕಾಯ್ದು, ವಸ್ತ್ರ ಕಟ್ಟುವ ದಿನಗಳಲ್ಲಿ ಹೋಗಿ ತಂತಿ ಹಾಕಿಸಿಕೊಂಡು ಬಂದ. ಒಂದೊಂದು ಹಲ್ಲಿಗೆ ಒಂದೊಂದು ಉಕ್ಕಿನ ಬಿಲ್ಲೆ, ನಡುವೆ ಬಿಗಿದ ತಂತಿ. ಗಟ್ಟಿ ಪದಾರ್ಥ ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರು.

ಎಲ್ಲ ಲೆಕ್ಕ ಹಾಕಿದವನು ಒಂದನ್ನು ಮರೆತಿದ್ದ. ಅದೇ ವಾರ ಮೈಲಾರೆಪ್ಪನ ಹೊಸ ಮನೆಯ ಗೃಹಪ್ರವೇಶವಿತ್ತು.

ಮೈಲಾರೆಪ್ಪ ಅಂಗಡಿಯ ಹಳೆಯ ಹಮಾಲ. ಸಿದ್ದಲಿಂಗೇಶನ ತಂದೆ ಶಂಕ್ರಪ್ಪನ ಕಾಲದಿಂದ ಅಲ್ಲೇ ಚೀಲ ಹೊತ್ತವನು. ಚಿಕ್ಕಂದಿನಲ್ಲಿ ಸಿದ್ದಲಿಂಗೇಶನನ್ನೂ ಹೆಗಲ ಮೇಲೆ ಹೊತ್ತು ತಿರುಗಿದವನು. ಈಗಲೂ ಅವನನ್ನು ‘ಲಿಂಗೇಶಪ್ಪ’ ಎಂದೇ ಕರೆಯುತ್ತಿದ್ದ. ಇಷ್ಟಾದರೂ ಶಂಕ್ರಪ್ಪ ಹಮಾಲರ ಮನೆಯಲ್ಲಿ ಒಂದು ತುತ್ತು ಉಂಡವನಲ್ಲ. ಮದುವೆ ಮುಂಜಿಗೆ ಕರೆದರೆ ತಪ್ಪದೆ ಹೋಗುತ್ತಿದ್ದ, ಕಟ್ಟೆಯ ಮೇಲೆ ಕೂರುತ್ತಿದ್ದ. ಅವರು ಬಾಳೆಹಣ್ಣು, ಹಾಲು ತಂದಿಡುತ್ತಿದ್ದರು. ಅಷ್ಟನ್ನು ತೆಗೆದುಕೊಂಡು ಎದ್ದುಬರುತ್ತಿದ್ದ. ಬೆಂದ ಅಡುಗೆಗೆ ಜಾತಿ ಅಂಟುತ್ತದೆ, ಹಣ್ಣಿಗೆ ಅಂಟುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಕರೆಯಲು ಬಂದಾಗ ಮೈಲಾರೆಪ್ಪ ಊಟದ ಮಾತೆತ್ತಲು ಹಿಂಜರಿದದ್ದನ್ನು ಕಂಡು ಸಿದ್ದಲಿಂಗೇಶನೇ ಮುಂದಾಗಿ ಹೇಳಿದ್ದ. “ನಮ್ಮಪ್ಪನ ಕಾಲ ಮುಗೀತು, ಮೈಲಾರಿ. ನಾ ನಿಮ್ಮ ಪಂಕ್ತಿಯಾಗ ಕುಂತು ರೊಟ್ಟಿ ಉಣ್ತೀನಿ.” ಆ ಮಾತನ್ನು ಮೈಲಾರೆಪ್ಪ ಪೇಟೆಯ ಹಮಾಲರಿಗೆಲ್ಲ ಹೇಳಿಕೊಂಡು ತಿರುಗಿದ್ದ.

ಗೃಹಪ್ರವೇಶದ ದಿನ ಸಿದ್ದಲಿಂಗೇಶನ ಹಲ್ಲೆಲ್ಲ ನೋವು. ಅದಕ್ಕಿಂತ ಹೆಚ್ಚಾಗಿ, ಬಾಯಿ ತೆರೆದರೆ ತಂತಿ ಕಾಣುತ್ತದೆ. ಪಂಕ್ತಿಯಲ್ಲಿ ಪೇಟೆಯ ಅರ್ಧ ಹಮಾಲರಿದ್ದಾರೆ. ಮನೆಯೊಳಗೆ ಘಾಟಿಲ್ಲ, ಧೂಳಿಲ್ಲ, ಆದರೂ ಹೆಗಲ ವಸ್ತ್ರದ ತುದಿಯನ್ನು ಬಾಯಿಗೆ ಒತ್ತಿ ಹಿಡಿದೇ ಕುಳಿತ. ಮೈಲಾರೆಪ್ಪನ ಹೆಂಡತಿ ಉಡಚವ್ವ ಎಲೆ ಹಾಕಿ, ಕಡಕ್ ರೊಟ್ಟಿ ಹಿಡಿದು ಮುಂದೆ ಬಂದು ನಿಂತಳು.

“ಒಲ್ಲೆವ್ವಾ. ಹೊಟ್ಟಿ ಸರಿ ಇಲ್ಲ,” ಎಂದ, ವಸ್ತ್ರದೊಳಗಿನಿಂದಲೇ.

ಪಂಕ್ತಿಯವರೆಲ್ಲ ಇತ್ತ ತಿರುಗಿದರು. ಉಡಚವ್ವ ಅವನ ಬಾಯಿಗೊತ್ತಿದ ವಸ್ತ್ರವನ್ನೊಮ್ಮೆ ನೋಡಿದಳು. ಒಳಗೆ ಹೋದವಳು ತಟ್ಟೆಯಲ್ಲಿ ಬಾಳೆಹಣ್ಣು, ಒಂದು ಲೋಟ ಹಾಲು ತಂದು ಅವನ ಮುಂದಿಟ್ಟಳು. ಹುಡುಕಿ ತಂದದ್ದಲ್ಲ, ಮೊದಲೇ ತೆಗೆದಿಟ್ಟಿದ್ದಳು. ಗಂಡ ನಂಬಿದ್ದನ್ನು ಅವಳು ನಂಬಿರಲಿಲ್ಲ. ಮೈಲಾರೆಪ್ಪ ತಲೆ ತಗ್ಗಿಸಿ ಬೇರೆಯವರ ಎಲೆಗೆ ಪಲ್ಯ ಬಡಿಸತೊಡಗಿದ. ಸಿದ್ದಲಿಂಗೇಶ ಗೋಡೆಯ ಕಡೆ ತಿರುಗಿ ಹಣ್ಣು ನುಂಗಿದ, ಹಾಲು ಕುಡಿದ, ಎದ್ದ.

ಮರುದಿನ ಅಂಗಡಿಯಲ್ಲಿ ಮೈಲಾರೆಪ್ಪ ಎಂದಿನಂತೆ ಚೀಲ ಹೊತ್ತ, ಎಂದಿನಂತೆ ರಾಶಿ ಮಾಡಿದ. ಒಂದೇ ಬದಲಾದದ್ದು, ‘ಲಿಂಗೇಶಪ್ಪ’ ಹೋಗಿ ‘ಸಾವುಕಾರ್ರ’ ಆಯಿತು. ಸಿಟ್ಟು ಮಾಡಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು.

ಮನೆಯಲ್ಲಿ ಗಂಡ ಗಂಜಿಯನ್ನೂ ಅರ್ಧಕ್ಕೆ ಬಿಟ್ಟು ಏಳುವುದನ್ನು ಕಂಡು ನಿರ್ಮಲಾ ಕೆದಕಿ ವಿಷಯ ಹೊರತೆಗೆದಳು. ಕೇಳಿ ಹಣೆ ಹಣೆ ಬಡಿದುಕೊಂಡಳು.

“ಬಾಯಿಗೆ ವಸ್ತ್ರ ಒತ್ಗೊಂಡು ಅವರ ಮನ್ಯಾಗ ಕುಂತಿದ್ರಿ? ಅವರು ಏನಂತ ತಿಳಕೋಬೇಕು? ಹೋಗಿ ಬಾಯಿ ತಗದು ತೋರಿಸಿ ಬರ್ರಿ.”

ಪೇಟೆಗೆ ರಜೆಯಿದ್ದ ದಿನ ಅವನು ಮೈಲಾರೆಪ್ಪನ ಮನೆಗೆ ಹೋದ. ಗಂಡ ಹೆಂಡತಿ ಇಬ್ಬರೂ ಅಂಗಳದಲ್ಲಿದ್ದರು. ವಸ್ತ್ರ ತೆಗೆದು, ಮೇಲಿನ ತುಟಿಯನ್ನು ಮೀಸೆ ಸಮೇತ ಬೆರಳಿನಿಂದ ಎತ್ತಿ ಹಿಡಿದ. ಬಿಸಿಲಿಗೆ ತಂತಿ ಮಿಂಚಿತು. ಮೈಲಾರೆಪ್ಪ ಹತ್ತಿರ ಬಂದು ಬಗ್ಗಿ ನೋಡಿದ.

“ಇದೇನಪಾ ಲಿಂಗೇಶಪ್ಪ, ಹಲ್ಲಿಗೆ ಬೇಲಿ ಹಾಕ್ಸೀಯಲ್ಲ?”

“ಇದನ್ನ ಮುಚ್ಚಾಕ ಅವತ್ತ ವಸ್ತ್ರ ಹಿಡದಿದ್ದೆ. ರೊಟ್ಟಿ ಕಡಿಯಾಕ ಬರತಿರಲಿಲ್ಲ. ಬ್ಯಾರೆ ಏನೂ ಇರಲಿಲ್ಲೋ ಮೈಲಾರಿ.”

ಮೈಲಾರೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ನಗುವಿಗೆ ಸಿದ್ದಲಿಂಗೇಶನೂ ಬಾಯಿ ಮುಚ್ಚದೆ ನಕ್ಕುಬಿಟ್ಟ. ಎದೆಯ ಮೇಲಿನ ಚೀಲ ಇಳಿದಂತಾಯಿತು. ಉಡಚವ್ವ ಮಾತ್ರ ನಗಲಿಲ್ಲ. ಕೇಳುವುದನ್ನು ಮೆಲ್ಲಗೇ ಕೇಳಿದಳು.

“ಅನ್ನ ಸಾರೂ ಇತ್ತಲ್ರಿ ಅವತ್ತ. ಅದಕ್ಕೇನ ಹಲ್ಲು ಬೇಕಿತ್ರಿ?”

ನಗು ಅಲ್ಲೇ ನಿಂತಿತು. ಅಗುಳು ತಂತಿಗೆ ಸಿಕ್ಕಿ ನಾಲ್ಕು ಜನರಿಗೆ ಕಾಣುತ್ತಿತ್ತು ಎನ್ನಬಹುದಿತ್ತು. ಅದು ಸುಳ್ಳೂ ಅಲ್ಲ. ಆದರೆ ಬಾಳೆಹಣ್ಣಿನ ತಟ್ಟೆ ಮುಂದೆ ಬಂದಾಗ ತನಗೆ ಸಮಾಧಾನವಾದದ್ದು ಅವನಿಗೆ ನೆನಪಿತ್ತು. ಅಪ್ಪ ತೆಗೆದುಕೊಂಡಂತೆಯೇ ತಾನೂ ತೆಗೆದುಕೊಂಡಿದ್ದ, ಕೈಗೆ ಆ ರೂಢಿ ಹೊಸದೆನಿಸಿರಲಿಲ್ಲ. ತಂತಿಯಿಲ್ಲದಿದ್ದರೆ ಉಣ್ಣುತ್ತಿದ್ದೆ ಎಂದೇ ಅವನ ನಂಬಿಕೆ. ಉಡಚವ್ವನಿಗೆ ಅದನ್ನು ತೋರಿಸುವುದು ಹೇಗೆ? ಶಾಲೆಯ ದಿನಗಳಿಂದ ಹಲ್ಲಿಗೆ ನಾಚಿದವನು, ಮನುಷ್ಯ ನಾಚಬೇಕಾದದ್ದು ಯಾವುದಕ್ಕೆ ಎಂಬುದನ್ನು ಆ ಅಂಗಳದಲ್ಲಿ ನಿಂತು ಕಂಡ.

“ಇವತ್ತ ಏನ ಐತವ್ವಾ?” ಎಂದು ಕೇಳಿದ.

“ನಿನ್ನಿ ಮಾಡಿದ ರೊಟ್ಟಿ ಅಷ್ಟ ಅದಾವ್ರಿ, ಕಡಕ್ ಆಗ್ಯಾವು. ನಿಂದರ್ರಿ, ಸಾರಿನ್ಯಾಗ ನೆನಸಿ ಕೊಡ್ತೀನಿ.”

“ಬ್ಯಾಡ. ಹಂಗ ಕೊಡು.”

ಒಳಗೆ ಹೋಗಿ ಚಾಪೆಯ ಮೇಲೆ ಕುಳಿತು ರೊಟ್ಟಿ ಮುರಿದು, ಶೇಂಗಾ ಚಟ್ನಿಪುಡಿ ಹಚ್ಚಿ ಕಡಿದ. ನೋವಿಗೆ ಕಣ್ಣಲ್ಲಿ ನೀರು ಬಂತು. ಮೂರನೆಯ ತುತ್ತಿಗೆ ಒಂದು ಬಿಲ್ಲೆ ಟಕ್ಕೆಂದು ಕಿತ್ತು ನಾಲಿಗೆಯ ಮೇಲೆ ಬಿತ್ತು. ಅದನ್ನು ಅಂಗೈಗೆ ತೆಗೆದುಕೊಂಡು ಜೇಬಿಗೆ ಹಾಕಿ ಮತ್ತೆ ರೊಟ್ಟಿ ಮುರಿದ. ಉಡಚವ್ವ ನೋಡಿದಳು. ಇನ್ನೊಂದು ರೊಟ್ಟಿ ತಂದು ತಟ್ಟೆಗೆ ಹಾಕಿದಳು.

ಮುಂದಿನ ವಾರ ರಾಣೆಬೆನ್ನೂರಿನ ಡಾಕ್ಟರು ಬಾಯಿ ನೋಡಿ ರೇಗಿದರು.

“ಗಟ್ಟಿ ತಿನಬ್ಯಾಡ್ರಿ ಅಂತ ಹೇಳಿದ್ನೋ ಇಲ್ಲೋ? ಒಂದಿನ ರೊಟ್ಟಿ ಬಿಟ್ಟಿದ್ರ ಏನಾಗತಿತ್ರಿ?”

“ಒಂದಿನ ಬಿಟ್ಟಿದ್ದೆನ್ರಿ, ಸಾಹೇಬ್ರ,” ಎಂದ ಸಿದ್ದಲಿಂಗೇಶ. “ಅದಕ್ಕ ಇಷ್ಟೆಲ್ಲ ಆತು.”