ಸ್ಪಾನರ್ ಮುಟ್ಟದ ಕಾರು

ಬೆಳಗಿನ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಎಂಜಿನ್ ನಿಂತಿತು. ಮಗುವಿಗೆ ಹಾಲು ಕೊಡುವ ಹೊತ್ತಾಯಿತೇ ಎಂದು ಅಕ್ಕ ಕೇಳಿದ್ದಳು, ನಾನು ಮೊಬೈಲ್ ನೋಡಿ ಗಂಟೆ ಹೇಳುತ್ತಿದ್ದೆ. ಅಷ್ಟರಲ್ಲಿ ಬಾನೆಟ್ಟಿನೊಳಗೆ ಏನೋ ಹರಿದು ಬಡಿದ ಸದ್ದು. ಹನೂರು, ತಾಳಬೆಟ್ಟ ದಾಟಿ ಮಾದೇಶ್ವರನ ಬೆಟ್ಟದ ತಿರುವು ಹತ್ತುತ್ತಿದ್ದೆವು. ಸ್ಟೀರಿಂಗ್ ಹಿಡಿದವರು ಭಾವ, ಅವರ ಪಕ್ಕ ಅವರ ತಾಯಿ. ಹಿಂದೆ ಮಗುವನ್ನು ಮಡಿಲಲ್ಲಿಟ್ಟುಕೊಂಡ ಅಕ್ಕ, ಕಣಿವೆಯ ಕಡೆಯ ಕಿಟಕಿಗೆ ನಾನು. ಮಗುವಿನ ಮುಡಿ ಕೊಡಬೇಕಿತ್ತು. ಭಾವ ಕೊಂಡಿದ್ದ ಹಳೆಯ ಡೀಸೆಲ್ ಕಾರಿಗೆ ಪೂಜೆಯೂ ಆಗಬೇಕಿತ್ತು.

ಆ ಕಾರು ಹಿಂದಿನ ವಾರ ಯಳಂದೂರಿನ ಅಕ್ಕನ ಮನೆಯ ಮುಂದೆ ಬಂದು ನಿಂತಾಗಲೇ ನಾನು ಕೇಳಿದ್ದೆ, ಇದರಲ್ಲಿರುವುದು ಟೈಮಿಂಗ್ ಚೈನೋ ಬೆಲ್ಟೋ ಎಂದು. ಎಂಜಿನ್ನಿನ ಒಳಭಾಗಗಳು ಒಂದಕ್ಕೊಂದು ಹೊಂದಿಕೊಂಡು ತಿರುಗುವಂತೆ ನೋಡಿಕೊಳ್ಳುವುದು ಅದೇ. ಚೈನಾದರೆ ಎಣ್ಣೆಯಲ್ಲಿ ಓಡುತ್ತಾ ಬಹುಕಾಲ ಬಾಳುತ್ತದೆ. ರಬ್ಬರ್ ಬೆಲ್ಟಾದರೆ ಅವಧಿಗೆ ಸರಿಯಾಗಿ ಬದಲಾಯಿಸಬೇಕು, ಇಲ್ಲದಿದ್ದರೆ ಓಡುತ್ತಿರುವಾಗಲೇ ಹರಿಯುತ್ತದೆ. ನಾನು ಪಾಠ ಮಾಡುವ ಕೊಳ್ಳೇಗಾಲದ ಕಾಲೇಜಿನಲ್ಲಿ ಒಬ್ಬ ಸಹೋದ್ಯೋಗಿಯ ಕಾರಿಗೆ ಹಾಗಾಗಿತ್ತು. ಬಾನೆಟ್ ಎತ್ತಿಸಿ ನೋಡಿದೆ. ಚೈನಿದ್ದರೆ ಎಣ್ಣೆ ಸೋರದಂತೆ ಲೋಹದ ಮುಚ್ಚಳವಿರುತ್ತದೆ. ಇದಕ್ಕಿದ್ದದ್ದು ಪ್ಲಾಸ್ಟಿಕ್ಕಿನದು.

"ಭಾವ, ಈ ಮುಚ್ಚಳದ ಮೇಲಿನ ಬೋಲ್ಟ್ ಬಿಚ್ಚಿದ್ರೆ ಗೊತ್ತಾಗುತ್ತೆ," ಎಂದೆ.

"ಮಾರ್ದೋನು ಮಾದಪ್ಪನಾಣೆ ಮಾಡಿ ಚೈನು ಅಂದವ್ನೆ ಕಣಮ್ಮಿ. ಆಣೆ ಇಟ್ಟ ಮಾತ್ನ ಸ್ಪಾನರ್ ಆಕಿ ನೋಡಾದಾ? ಎಣ್ಣು ನೋಡಕ್ಕೋಗಿ ಅಲ್ಲು ಎಣಿಸ್ದಂಗಾಯ್ತು."

ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಕ್ಕನ ಅತ್ತೆ ತಲೆಯೆತ್ತಿದರು. "ಪೂಜೆ ಆಗ್ದೆ ಗಾಡಿಗೆ ಕಬ್ಣ ಮುಟ್ಟಿಸ್ಬಾರ್ದು ಕಣವ್ವ. ನಿಮ್ ಕಾಲೇಜ್ನಲ್ಲಿ ಅದ್ನ ಏಳ್ಕೊಡ್ಲಿಲ್ವಾ?"

ಆ ಮನೆಯ ಪದ್ಧತಿಯೇ ಅದು. ಟ್ರ್ಯಾಕ್ಟರ್ ಬರಲಿ, ಮೋಟಾರ್ ಬೈಕ್ ಬರಲಿ, ಮೊದಲು ಬೆಟ್ಟಕ್ಕೆ ಹೋಗಿ ಬರಬೇಕು. ಅಲ್ಲಿಯತನಕ ಒಂದು ನಟ್ಟನ್ನೂ ಸಡಿಲಿಸುವಂತಿಲ್ಲ. ಬೆಟ್ಟ ಹತ್ತಲು ಗಾಡಿ ಗಟ್ಟಿಯಿದೆಯೇ ಎಂದು ನೋಡಬೇಕಾದರೂ ಮೊದಲು ಬೆಟ್ಟ ಹತ್ತಬೇಕು.

ಎಂಜಿನ್ ನಿಂತ ಆ ತಿರುವಿನಲ್ಲಿ ಭಾವ ಬ್ರೇಕ್ ತುಳಿದರು. ಒಂದೆರಡು ಸಲ ಹಿಡಿಯಿತು. ಆಮೇಲೆ ಎಂಜಿನ್ನಿನ ಬಲವಿಲ್ಲದೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿ ಕೆಳಗಿಳಿಯಲೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದರು, ಅದು ಮೊದಲೇ ಸಡಿಲ. ಕೀ ತಿರುಗಿಸಿದರೆ ಎಂಜಿನ್ ಬರಿದೇ ಗಿರ್ರೆಂದು ಸುತ್ತಿತು. ಕಾರು ಹಿಂದಕ್ಕೆ ಜಾರತೊಡಗಿತು. ಹಿಂದೆ ಬೆಟ್ಟಕ್ಕೆ ನಡೆದು ಹೋಗುತ್ತಿದ್ದ ಜನ, ತಲೆಯ ಮೇಲೆ ಗಂಟು ಹೊತ್ತ ಹೆಂಗಸರು. ಅಕ್ಕ ಬಾಗಿಲಿನ ಹಿಡಿ ಎಳೆಯುತ್ತಿದ್ದಳು. ಮಗುವನ್ನು ಹಿಡಿದ ಕೈಯಿಂದಲೇ ಎಳೆಯುತ್ತಿದ್ದಳು, ಆಗುತ್ತಿರಲಿಲ್ಲ. ನನ್ನ ಕಿಟಕಿಯಲ್ಲಿ ರಸ್ತೆಯ ಅಂಚು ಮಾಯವಾಗಿ ಮರಗಳ ನೆತ್ತಿ ಕಾಣಿಸಿತು. ಈಗಲೂ ಪಾಠದ ನಡುವೆ ಬೋರ್ಡಿನ ಕಡೆ ತಿರುಗಿದರೆ ಆ ನೆತ್ತಿಗಳೇ ಕಾಣುತ್ತವೆ.

"ಸರೀರಿ, ಸರೀರಿ, ಗಾಡಿ ಇಂದಕ್ಕೆ ಬತ್ತಾದೆ!"

"ಚಕ್ರುಕ್ಕೆ ಕಲ್ಲಾಕ್ಲಾ!"

ಹಿರಿಯರೊಬ್ಬರು ಓಡಿಬಂದು ಹಿಂಚಕ್ರಕ್ಕೆ ಕಲ್ಲಿಟ್ಟರು. ಚಕ್ರ ಅದನ್ನು ಹತ್ತಿ ದಾಟಿತು. ಅವರು ಇನ್ನೊಂದನ್ನು ಎತ್ತಿ ಕೈಯಿಂದಲೇ ಒತ್ತಿ ಹಿಡಿದರು. ಕಾರು ನಿಂತಿತು. ಇಳಿದು ನೋಡಿದರೆ ಅವರ ಬಲಗೈಯ ನಡುಬೆರಳು ಜಜ್ಜಿಹೋಗಿತ್ತು. ಟವೆಲ್ ಸುತ್ತಿಕೊಳ್ಳುತ್ತಿದ್ದರು, ಬಿಳಿಯ ಟವೆಲ್ ನೋಡನೋಡುತ್ತಿದ್ದಂತೆ ಕೆಂಪಾಯಿತು.

"ಆಸ್ಪತ್ರೆಗೆ ಹೋಗೋಣ ಬನ್ನಿ," ಎಂದೆ.

"ಯಾವ ಗಾಡೀಲವ್ವ? ಇದ್ರಲ್ಲಾ?" ಎಂದು ನಕ್ಕರು. "ಬುಡು, ಮ್ಯಾಲೆ ಕಟ್ಟಿಸ್ಕತೀನಿ. ಕೂಸ್ನ ನೋಡ್ಕಳಿ."

ತಮ್ಮ ಜನರ ಜೊತೆ ಅವರು ಹತ್ತಿಹೋದರು. ಭಾವ ಅವರ ಕಡೆ ತಿರುಗಲಿಲ್ಲ. ಬೆಟ್ಟದ ದಿಕ್ಕಿಗೆ ಕೈಮುಗಿದು, "ಮಾದಪ್ಪ ಕಾಪಾಡ್ದ," ಎಂದರು. ಆಮೇಲೆ ಹನೂರಿನ ನೆಂಟರ ಮನೆಯಲ್ಲೂ ಯಳಂದೂರಿನಲ್ಲೂ ಅದನ್ನೇ ಹೇಳಿದರು. ಕಥೆಯಲ್ಲಿ ತಿರುವಿತ್ತು, ಕಣಿವೆಯಿತ್ತು, ದೇವರಿದ್ದ. ಬೆರಳಿರಲಿಲ್ಲ. ನಾನು ಸೇರಿಸಹೋದರೆ ಅತ್ತೆ, "ಆ ರೂಪ್ದಲ್ಲಿ ಅವ್ನೇ ಬಂದಿದ್ದ," ಎಂದು ಬಾಯಿ ಮುಚ್ಚಿಸುತ್ತಿದ್ದರು. ದೇವರ ಬೆರಳಾದರೆ ಯಾರೂ ಔಷಧಿ ಹಚ್ಚಬೇಕಾಗಿಲ್ಲವಲ್ಲ.

ಕಾರನ್ನು ಕೊಳ್ಳೇಗಾಲದ ಗ್ಯಾರೇಜಿಗೆ ಎಳೆತಂದರು. ಮೆಕ್ಯಾನಿಕ್ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಹಲ್ಲು ಕಿತ್ತು ಹರಿದುಹೋಗಿದ್ದ ಕಪ್ಪು ರಬ್ಬರ್ ಪಟ್ಟಿಯನ್ನು ಹೊರಗೆಳೆದ.

"ಬೆಲ್ಟ್ ಗಾಡಿ ಸಾ ಇದು. ಒಳ್ಗೆ ವಾಲ್ವೆಲ್ಲ ಬಗ್ಗೋಗವೆ."

"ಚೈನೇ ಇತ್ತು. ಯಾವನೋ ಬದ್ಲಾಯ್ಸವ್ನೆ," ಎಂದರು ಭಾವ.

ಚೈನಿನ ಎಂಜಿನ್ನಿಗೆ ಬೆಲ್ಟ್ ಕೂರುವುದೇ ಇಲ್ಲ, ತಮಾಷೆಯೆಂದುಕೊಂಡು ಅವನು ನಕ್ಕ. ಭಾವನ ಮುಖ ನೋಡಿ ಪಟ್ಟಿಯನ್ನು ಕೆಳಗಿಟ್ಟು ಕೆಲಸಕ್ಕೆ ಬಾಗಿದ.

ರಿಪೇರಿಯಾದ ಕಾರು ಮನೆಗೆ ಬಂದ ದಿನವೇ ಮುಂದಿನ ಸೋಮವಾರ ಮತ್ತೆ ಹೊರಡುವುದೆಂದು ನಿರ್ಧಾರವಾಯಿತು. ಮುಡಿ ಬಾಕಿಯಿತ್ತು. ನಾನು ಅಕ್ಕನ ಜೊತೆಯಲ್ಲೇ ಉಳಿದಿದ್ದೆ. ನಮ್ಮಿಬ್ಬರಿಗೂ ನಿದ್ದೆಯಿರಲಿಲ್ಲ. ಕಣ್ಣು ಹತ್ತಿದರೆ ಸಾಕು, ಹಾಸಿಗೆ ಹಿಂದಕ್ಕೆ ಜಾರಿದಂತಾಗಿ ಎಚ್ಚರವಾಗುತ್ತಿತ್ತು. ಅಕ್ಕ ತನ್ನ ಸೆರಗನ್ನು ಮಗುವಿನ ಸೊಂಟಕ್ಕೆ ಸುತ್ತಿಕೊಂಡು ಮಲಗುತ್ತಿದ್ದಳು.

"ಮುಚ್ಚಳ ಬಿಚ್ಚಿ ತೋರ್ಸಿ. ಹೊಸ ಬೆಲ್ಟ್ ನೋಡ್ದೆ ನಾನು ಮಗೂನ ಕೂರ್ಸಲ್ಲ," ಎಂದಳು ಭಾವನಿಗೆ.

"ಆಕಿದೀನಿ ಅಂತ ಗ್ಯಾರೇಜ್ನೋನು ಏಳವ್ನಲ್ಲ."

"ಆವತ್ತೂ ಒಬ್ಬ ಏಳಿದ್ದ."

"ಪೂಜೆ ಆಗ್ಲಿ. ಆಮೇಲೆ ಇಡೀ ಗಾಡೀನೇ ಬಿಚ್ಚಿ ನಿನ್ ಮುಂದೆ ಅರಡ್ತೀನಿ." ಗ್ಯಾರೇಜಿನಲ್ಲಿ ಎಂಜಿನ್ನೆಲ್ಲ ಬಿಚ್ಚಿದ್ದು ಅವರ ಲೆಕ್ಕಕ್ಕೆ ಬರಲಿಲ್ಲ.

ಮಾರನೆಯ ದಿನ ಭಾವ ಗದ್ದೆಗೆ ಹೋದ ಮೇಲೆ ಅಕ್ಕ ಟ್ರ್ಯಾಕ್ಟರಿನ ಡಬ್ಬಿಯಿಂದ ಸ್ಪಾನರ್ ತಂದಳು. ನಾನು ಬಾನೆಟ್ ಎತ್ತಿ ಹಿಡಿದೆ. ಅತ್ತೆ ಜಗಲಿಯಿಂದಲೇ ಬೀದಿಗೆ ಕೇಳಿಸುವಂತೆ ಕೂಗಾಡಿದರು. ಅಕ್ಕ ಬೋಲ್ಟ್‌ಗಳನ್ನು ಒಂದೊಂದಾಗಿ ಬಿಚ್ಚಿ ಬಟ್ಟಲಿಗೆ ಹಾಕಿಕೊಂಡು ಮುಚ್ಚಳ ಸರಿಸಿದಳು. ಬೆಲ್ಟ್ ಹೊಸದೇ ಇತ್ತು, ಮೇಲಿನ ಬಿಳಿ ಅಕ್ಷರಗಳು ಇನ್ನೂ ಅಳಿಸಿರಲಿಲ್ಲ. ಬೆರಳಿಂದ ಮುಟ್ಟಿ ನೋಡಿ, ಎಲ್ಲವನ್ನೂ ಮೊದಲಿನಂತೆ ಬಿಗಿದಳು.

ಸಂಜೆ ಭಾವನಿಗೆ ದೂರು ಹೋಯಿತು. ಅವರು ಕೂಗಾಡಲಿಲ್ಲ, ಗೆದ್ದವರಂತೆ ಕೇಳಿದರು: "ನೋಡಿದ್ಯಲ್ಲ, ಹೊಸ್ದು ತಾನೆ? ಸೋಮಾರ ಒಂಟ್ಕಳಿ ಮತ್ತೆ."

"ಬೆಲ್ಟ್ ಸರಿಯಾಗೇ ಅದೆ," ಎಂದಳು ಅಕ್ಕ. "ನೀವು ಗಾಡೀಲಿ ಓಗಿ. ಕೇಳುದ್ರೂ ಬಿಚ್ಚಿ ತೋರಿಸ್ದೆ ಇರೋರ ಜೊತೆ ನಾನು ಮಗೂನ ಬೆಟ್ಟ ಅತ್ತಿಸಲ್ಲ. ನಾವು ಬಸ್ಸಲ್ಲಿ ಬತ್ತೀವಿ."

ಸೋಮವಾರ ಭಾವ, ಅವರ ತಾಯಿ ಕಾರಿನಲ್ಲಿ ಹೋದರು. ನಾವು ಕೊಳ್ಳೇಗಾಲದಲ್ಲಿ ಬಸ್ ಬದಲಾಯಿಸಿ ಹೋದೆವು. ಆ ತಿರುವಿನಲ್ಲಿ ನಾನು ಕಣ್ಣು ಮುಚ್ಚಿದೆ. ಅಕ್ಕ ಮುಚ್ಚಲಿಲ್ಲ. ಮುಡಿಯಾಯಿತು, ಕಾರಿಗೆ ಪೂಜೆಯೂ ಆಯಿತು. ಬೋಳುತಲೆಯ ಮಗುವನ್ನು ಹೊತ್ತು ಬಸ್ಸಿನಲ್ಲೇ ವಾಪಸಾದೆವು. ಮನೆಯಲ್ಲಿ ಯಾರೂ ನಮ್ಮೊಡನೆ ಮಾತಾಡಲಿಲ್ಲ. ತಟ್ಟೆಗಳನ್ನು ನಾವೇ ಹಾಕಿಕೊಂಡು ಉಂಡು ಮಲಗಿದೆವು. ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯವರೆಗೂ ಬಂದಿತ್ತು. ಅಕ್ಕ ಇನ್ನೂ ಮಲಗಿದ್ದಳು. ಮಗು ಅವಳ ಸೆರಗಿನಿಂದ ದೂರ ಉರುಳಿಹೋಗಿ ಗೋಡೆಯ ಬಳಿ ಆಡುತ್ತಿತ್ತು.