ಗಂಟಿನ ಕೆಳಗಿನ ಚಿಗುರು

ನಮ್ಮ ಗೇಟಿನ ಪಕ್ಕದ ಕಸಿ ಮಾವನ್ನು ಸಾಯಿಸಲು ಹೊರಟಿದ್ದು ಹುಳುವಲ್ಲ, ರೋಗವಲ್ಲ. ಹಬ್ಬದ ತೋರಣ. ಜೊತೆಗೆ, ಎರಡು ವರ್ಷ ಬಾಯಿ ಮುಚ್ಚಿಕೊಂಡು ಕೂತ ನಾನು.

ಮಹಡಿಯಲ್ಲಿ ಬಾಡಿಗೆಗಿರುವ ಶಾಂತಾ ಧಾರವಾಡದ ಕಡೆಯವಳು. ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಮೂರು ವರ್ಷದ ಹಿಂದೆ ತವರಿನ ಮಾವಿನ ಮರದ ನಾಲ್ಕು ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದಳು. ಅವಳ ತಾಯಿ ನೆಟ್ಟ ಮರವಂತೆ. ಶೆಡ್ ಹಾಕಿಸಲು ಅಣ್ಣ ಅದನ್ನು ಕಡಿಸುವವನಿದ್ದ. ಕಡಿಸಿಯೂ ಆಯಿತು.

ಕಸಿ ಕಟ್ಟಿದ್ದು ನಾನು. ದೊಡ್ಡ ವಿದ್ಯೆಯೇನಲ್ಲ ಬಿಡಿ. (ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೇ ಬರುತ್ತದೆ.) ಮಾವಿನ ವಾಟೆಯಿಂದ ಹುಟ್ಟಿದ ಗಿಡ ಪೆನ್ಸಿಲ್ ದಪ್ಪ ಆಗಿರಬೇಕು. ಅದರ ತಲೆ ಹಾರಿಸಿ ನಡುವೆ ಸೀಳಬೇಕು. ಅಷ್ಟೇ ದಪ್ಪದ ಕಡ್ಡಿಯ ತುದಿಯನ್ನು ಹೊಸ ಬ್ಲೇಡಿನಲ್ಲಿ ಬೆಣೆಯಂತೆ ಕೆತ್ತಿ ಸೀಳಿಗೆ ಇಳಿಸಬೇಕು. ಸಿಪ್ಪೆಗೆ ಸಿಪ್ಪೆ ಕೂಡಬೇಕು, ಇಲ್ಲದಿದ್ದರೆ ಹತ್ತುವುದಿಲ್ಲ. ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಮೇಲೊಂದು ಕವರ್ ಹಾಕಿ ನೆರಳಲ್ಲಿಡಬೇಕು. ನಾಲ್ಕರಲ್ಲಿ ಒಂದು ಹತ್ತಿತು. ಒಂದು ಸಾಕಲ್ಲವೇ?

ಸಾಕು, ಆಮೇಲೂ ಕಣ್ಣಿಟ್ಟರೆ. ಕಸಿ ಕೂಡಿದ ಗಂಟಿನ ಕೆಳಗೆ ಬುಡದ ಗಿಡ, ಅಂದರೆ ವಾಟೆಯದು, ತನ್ನದೇ ಚಿಗುರು ಬಿಡುತ್ತದೆ. ಕಂಡ ತಕ್ಷಣ ಉಗುರಲ್ಲಿ ಚಿವುಟಬೇಕು. ಬಿಟ್ಟರೆ ಬೇರು ಎಳೆದಿದ್ದೆಲ್ಲ ಅದಕ್ಕೇ.

ನಾನು ಚಿವುಟಲು ಹೋದಾಗ ಯುಗಾದಿ ಹತ್ತಿರವಿತ್ತು. ಎದುರು ಮನೆಯ ಗೌರಮ್ಮ, ಅಲ್ಲಾಳಸಂದ್ರ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಇಲ್ಲಿರುವವಳು, ತೋರಣಕ್ಕೆ ನಾಲ್ಕು ಎಲೆ ಬೇಕು, ಹಬ್ಬ ಆಗಲಿ ಬಿಡು ಅಂದಳು. ಬಿಟ್ಟೆ. ಹಬ್ಬ ಒಂದೇ ಇರುತ್ತದೆಯೇ? ಗೌರಿ ಬಂತು, ದಸರಾ ಬಂತು, ಯಾರದೋ ಗೃಹಪ್ರವೇಶ ಬಂತು. ಬೀದಿಯವರೆಲ್ಲ ಎಲೆ ಕಿತ್ತುಕೊಂಡು, ಕಸಿ ಎಷ್ಟು ಚೆನ್ನಾಗಿ ಬಂದಿದೆ, ನಿಮ್ಮ ಕೈಗುಣ ಅಜ್ಜಿ ಅಂತ ಹೊಗಳಿ ಹೋದರು. ಬಂದಿದ್ದು ಕಸಿಯಲ್ಲ ಅಂತ ನನಗೆ ಗೊತ್ತಿತ್ತು. ಹೊಗಳಿಸಿಕೊಳ್ಳುವುದು ಹಿತವಾಗಿತ್ತು, ಸುಮ್ಮನಿದ್ದೆ.

ಮೊನ್ನೆ ಬುಧವಾರ ಸಂಜೆ ಶಾಂತಾ ಅಣ್ಣನಿಗೆ ಕಳಿಸಲು ಗಿಡದ ಫೋಟೋ ತೆಗೆಯುತ್ತಿದ್ದಳು. ನೀ ಕಡಿಸಿದರೂ ಅವ್ವನ ಮರ ಇಲ್ಲಿದೆ ಅಂತ ಬರೆಯುತ್ತಾಳಂತೆ. ಇನ್ನು ಸುಮ್ಮನಿರಲು ಆಗಲಿಲ್ಲ. ಎಲೆ ಸರಿಸಿ ತೋರಿಸಿದೆ. ಒಂದು ಗೇಣು ಕಡ್ಡಿ, ಮೂರು ಎಲೆ. ಕಸಿ ಅಂದರೆ ಅಷ್ಟೇ.

"ಹಂಗಾರ ಇಷ್ಟ ದಿನಾ ನಾ ನೀರ ಹಾಕಿದ್ದು ಯಾವುದಕ್ಕರೀ ಅಜ್ಜಿ?"

"ಬುಡದ ಗಿಡಕ್ಕೆ ಕಣಮ್ಮ."

"ಗೊತ್ತಿದ್ದೂ ಹೇಳಲಿಲ್ಲಲ್ರೀ ನೀವು."

ಅಳಲಿಲ್ಲ ಅವಳು, ಸಿಟ್ಟಾದಳು. ಆಗಬೇಕಾದ್ದೇ. ಬುಡದ್ದೆಲ್ಲ ಕಡಿಯುತ್ತೇನೆ ಅಂದೆ.

ಗೌರಮ್ಮ ತನ್ನ ಗೇಟಿನಿಂದಲೇ ಕೇಳಿಸಿಕೊಂಡಳು. ಕಾಲೇಜಲ್ಲಿ ಪಾಠ ಹೇಳುವವಳಿಗೆ ಯಾವ ಎಲೆ ಯಾವುದರದು ಅಂತ ತಿಳಿಯಲಿಲ್ಲವೇ ಅಂತ ಚುಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಕ್ಕಾ, ನಾಡಿದ್ದು ವರಮಾಲಕ್ಷ್ಮಿ ಅಬ್ಬ. ಕಳಸಕ್ಕೆ ಎಲೆ ಬ್ಯಾಡ್ವಾ? ಎರಡ್ ದಿನ ತಡ್ಕೋ. ಆ ಮೂರೆಲೆ ನಂಬ್ಕೊಂಡು ಇಷ್ಟು ಕಡೀತೀಯಲ್ಲ, ಅದೂ ಸತ್ರೆ?"

ಸಾಯಬಹುದು. ಆದರೆ ಈ ಎರಡು ದಿನ ಅನ್ನುವುದು ಎರಡು ವರ್ಷದಿಂದ ನಡೆದಿದೆ. ಮನೆಗಳಲ್ಲೂ ಹೀಗೆಯೇ ಅಲ್ಲವೇ? ಇವತ್ತು ಬೇಡ, ಹಬ್ಬ ಆಗಲಿ, ಮದುವೆ ಮುಗಿಯಲಿ ಅಂತ ಹೇಳದೆ ಬಿಟ್ಟ ಮಾತು ಎಷ್ಟಿಲ್ಲ?

ಮರುದಿನ ಹಾಲಿನವನು ಬರುವ ಮೊದಲೇ ಗರಗಸ ಹಿಡಿದು ಗಿಡದ ಮುಂದೆ ಕೂತೆ. ಶಾಂತಾ ಇಳಿದು ಬಂದು ಕೊಂಬೆ ಬಗ್ಗಿಸಿ ಹಿಡಿದಳು. ಗಂಟಿನ ಕೆಳಗಿನದನ್ನೆಲ್ಲ ಬುಡಕ್ಕೇ ಕೊಯ್ದು, ಗಾಯಕ್ಕೆ ಸಗಣಿ ಮೆತ್ತಿದೆ. ಎಲೆ ಕಟ್ಟನ್ನು ಗೌರಮ್ಮನ ಗೇಟಿಗೆ ಸಿಕ್ಕಿಸಿ ಬಂದೆ.

ಈಗ ಗಿಡದಲ್ಲಿರುವುದು ಮೂರೇ ಎಲೆ. ಮೂರೂ ಕಸಿಯವೇ.