ಹನ್ನೆರಡಡಿಯ ಫ್ಲೆಕ್ಸು

ನನ್ನ ಗಂಡ ಪರಮೇಶಪ್ಪನವರು ಯಾವುದನ್ನೂ ಎಸೆಯುವವರಲ್ಲ. ಮದುವೆಯಾಗಿ ಮೂವತ್ತೊಂದು ವರ್ಷವಾಯಿತು, ನನ್ನನ್ನೂ ಎಸೆದಿಲ್ಲ. ಅದು ಪ್ರೀತಿಯೋ ಅಭ್ಯಾಸವೋ ನನಗಿನ್ನೂ ಗೊತ್ತಾಗಿಲ್ಲ.

ಸೋಮವಾರಪೇಟೆಯಿಂದ ನಾಲ್ಕು ಮೈಲಿ ಆಚೆ ನಮ್ಮ ಮೂರೆಕರೆ ಕಾಫಿ, ಅದರ ನೆರಳುಮರಗಳಿಗೆ ಹಬ್ಬಿಸಿದ ಮೆಣಸು. ಇವರು ಮೊದಲು ದೊಡ್ಡ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದರು, ಆಳುಗಳ ಹಾಜರಿ ಬರೆಯುವ ಕೆಲಸ. ಅಲ್ಲಿಂದ ಬಿಟ್ಟು ಬರುವಾಗ ಸಾಹುಕಾರರು ಎಸೆದ ಡಿಶ್ ಆಂಟೆನಾ ಹೊತ್ತು ತಂದರು. ಟಿವಿ ನೋಡಲಿಕ್ಕಲ್ಲ, ಸ್ವಾಮಿ. ನಮ್ಮ ಮನೆಯ ಸಂಡಿಗೆ ಇವತ್ತಿಗೂ ಒಣಗುವುದು ಅದರಲ್ಲೇ.

ಹಲ್ಲುಜ್ಜುವ ಬ್ರಶ್ಶಿಗೆ ಇವರ ಕೈಯಲ್ಲಿ ಮೂರು ಜನ್ಮ. ಮೊದಲು ಹಲ್ಲು, ಆಮೇಲೆ ತಲೆಗೆ ಹಚ್ಚುವ ಬಣ್ಣ, ಕೊನೆಗೆ ಔಷಧಿ ಹೊಡೆಯುವ ಸ್ಪ್ರೇಯರಿನ ಮೂತಿ ತಿಕ್ಕುವುದು. ಒಂದು ದಿನ ಬೆಳಗ್ಗೆ ನಿದ್ದೆಗಣ್ಣಿನಲ್ಲಿ ಎರಡನೇ ಜನ್ಮದ್ದನ್ನು ಬಾಯಿಗಿಟ್ಟು, ಮಸಿ ಬಳಿದಂಥ ಹಲ್ಲು ಬಿಟ್ಟುಕೊಂಡು ಅಡುಗೆಮನೆಗೆ ಬಂದರು. "ತೊಳೆದ್ರೆ ಹೋಯ್ತದೆ ಬಿಡೆ" ಅಂದರು. ಎರಡು ದಿನ ಹೋಗಲಿಲ್ಲ. ನನ್ನ ಸೀರೆ ಹಳೆಯದಾದರೆ ದಿಂಬಿನ ಚೀಲವಾಗುತ್ತದೆ, ದಿಂಬಿನ ಚೀಲ ಹರಿದರೆ ನೆಲ ಒರೆಸುತ್ತದೆ. ನಾನು ಸತ್ತರೆ ನನ್ನನ್ನು ಯಾತಕ್ಕೆ ಬಳಸುತ್ತಾರೋ ಶಿವನೇ ಬಲ್ಲ.

ಇಂಥವರ ಬಾಯಿ ಮಾತ್ರ ಧಾರಾಳ. ಅದೇ ನನ್ನ ತವರಿನ ಬಾಗಿಲು ಮುಚ್ಚಿಸಿದ್ದು.

ಎರಡು ವರ್ಷದ ಹಿಂದೆ ನನ್ನ ಅಪ್ಪ ತೀರಿಕೊಂಡರು. ನನ್ನ ಒಬ್ಬನೇ ತಮ್ಮ ಶಿವಪ್ರಕಾಶನಿಗೆ ಶನಿವಾರಸಂತೆಯಲ್ಲಿ ಗೊಬ್ಬರದ ಅಂಗಡಿಯಿದೆ. ಅವನು ಅಲ್ಲಿನ ಬಸ್ ನಿಲ್ದಾಣದ ಎದುರು ಹನ್ನೆರಡಡಿ ಫ್ಲೆಕ್ಸ್ ಹಾಕಿಸಿದ, "ಭಾವಪೂರ್ಣ ಶ್ರದ್ಧಾಂಜಲಿ" ಅಂತ. ಬದುಕಿದ್ದಷ್ಟು ದಿನ ಬನಿಯನ್ನಿನಲ್ಲೇ ಓಡಾಡಿದ ಅಪ್ಪನಿಗೆ ಸ್ಟುಡಿಯೋದವನು ಕೋಟು, ಕೆಂಪು ಟೈ ತೊಡಿಸಿಬಿಟ್ಟಿದ್ದ. ಯಾರೋ ಬ್ಯಾಂಕಿನ ಮ್ಯಾನೇಜರ್ ಸತ್ತಂತೆ ಕಾಣುತ್ತಿತ್ತು. ಹನ್ನೊಂದನೇ ದಿನ ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ಇವರು ನೆಂಟರೆಲ್ಲರ ಎದುರು ಗಟ್ಟಿಯಾಗಿ ಅಂದರು: "ಬದುಕಿದ್ದಾಗ ಮುರಿದ ಕನ್ನಡಕಕ್ಕೆ ದಾರ ಕಟ್ಕಂಡು ಪೇಪರ್ ಓದ್ತಿದ್ರು ಮಾವ. ಒಂದು ಕನ್ನಡಕ ಮಾಡಿಸಲಿಲ್ಲ. ಈಗ ಹನ್ನೆರಡಡಿ!"

ಮಾತು ನಿಜವೇ. ಆದರೆ ಹೇಳುವ ಹೊತ್ತೇ ಅದು? ತಮ್ಮ ಅರ್ಧ ಊಟಕ್ಕೆ ಎದ್ದು ಹೋದ. ಅಲ್ಲಿಂದ ಎರಡು ಗೌರಿ ಹಬ್ಬ ಕಳೆದವು, ತವರಿನ ಬಾಗಿನ ಬರಲಿಲ್ಲ. ನಾನು ಅತ್ತೆ, ಬೈದೆ, ಒಂದು ವಾರ ಇವರಿಗೆ ಉಪ್ಪಿಲ್ಲದ ಸಾರು ಬಡಿಸಿದೆ. "ಉಪ್ಪು ಉಳೀತು" ಅಂದರು ಪುಣ್ಯಾತ್ಮರು.

ಹೋದ ಮಾರ್ಚಿನಲ್ಲಿ ತಮ್ಮನ ಫೋನು ಬಂತು. "ಅಕ್ಕ, ರಂಜಿತಾಗೆ ಗಂಡು ಗೊತ್ತಾಯ್ತು. ಸೋದರತ್ತೆ ಅಲ್ವಾ ನೀನು, ಭಾನುವಾರ ಬಂದು ಹೇಳ್ತೀನಿ. ಕೂತ್ಕಳಲ್ಲ. ಹೇಳಿ ಹೊರಟುಬಿಡ್ತೀನಿ."

ಮಗಳ ಮದುವೆಯ ಸುದ್ದಿಯನ್ನೂ ನಿಂತೇ ಹೇಳಿ ಹೋಗುತ್ತಾನಂತೆ! ನನಗೆ ಬೇಕಾಗಿದ್ದು ಒಂದೇ. ಅವನು ನನ್ನ ಮನೆಯಲ್ಲಿ ಕಾಲು ಮಡಚಿ ಕೂತು ಒಂದು ತುತ್ತು ಉಣ್ಣಬೇಕು. ಇವರಿಗೆ ಬೆರಳು ತೋರಿಸಿ ಹೇಳಿದೆ: "ನೋಡ್ರಿ, ಭಾನುವಾರ ನಿಮ್ಮ ಬಾಯಿಗೆ ಬೀಗ. ಒಂದೇ ಒಂದು ಮಾತು ಆಡಿದ್ರೆ ನಾನು ಅವನ ಹಿಂದೇನೇ ಬಸ್ ಹತ್ತೀನಿ."

"ಟಿಕೆಟ್ ದಂಡ" ಅಂದರು.

ಭಾನುವಾರ ತಮ್ಮ ಬಂದ. ಚಪ್ಪಲಿ ಬಿಡದೆ ಜಗಲಿಯ ಅಂಚಿಗೆ ಒರಗಿದ. ಹುಡುಗನ ಮನೆ, ಕೆಲಸ, ನಿಶ್ಚಿತಾರ್ಥದ ದಿನ ಎಲ್ಲವನ್ನೂ ಗೋಡೆಗೆ ಹೇಳಿದಂತೆ ಹೇಳಿದ. ಇವರು ಬೀಗ ಹಾಕಿಕೊಂಡು ಎದುರಿಗೆ ಕೂತಿದ್ದರು. ಅಂಗಳದಲ್ಲಿ ಮೆಣಸು ಒಣಗುತ್ತಿತ್ತು. ನಾನು ತಂದುಕೊಟ್ಟ ಕಾಫಿ ಅವನು ಅರ್ಧ ಕುಡಿದಿರಬಹುದು, ಆಕಾಶ ಕಪ್ಪಾಯಿತು, ಪಟಪಟನೆ ಹನಿ ಬಿತ್ತು. ಹೂಮಳೆ! ಕಾಫಿ ಗಿಡ ಹೂ ಬಿಡಲು ಬಾಯಿ ಬಿಟ್ಟುಕೊಂಡು ಕಾಯುವ ಮಳೆ ಅದು. ಆದರೆ ಅಂಗಳದ ಮೆಣಸು ನೆನೆದರೆ ಬೂಷ್ಟು ಹಿಡಿದು ಕೆಡುತ್ತದೆ.

ಮೆಣಸು ಬೆಳೆಯುವ ಊರಿನವನಿಗೆ ಆಗ ಜಗಳ ನೆನಪಿರುವುದಿಲ್ಲ. ಮೂವರೂ ಅಂಗಳಕ್ಕೆ ಹಾರಿದೆವು. ಮೆಣಸು ಹರಡಿದ್ದು ಒಂದು ಹಳೇ ಫ್ಲೆಕ್ಸಿನ ಬಿಳೀ ಬೆನ್ನಿನ ಮೇಲೆ. ಇವರು ಅತ್ತಲಿನ ಎರಡು ಮೂಲೆ ಹಿಡಿದರು, ನಾನೊಂದು, ತಮ್ಮ ಒಂದು. ಎತ್ತಿ ಒಳಗೆ ಮಡಚಿದಾಗ ತಮ್ಮನ ಕಡೆ ಅಡಿಯ ಬದಿ ಮೇಲಕ್ಕೆ ತಿರುಗಿತು. ಕೋಟು. ಕೆಂಪು ಟೈ. ಅಪ್ಪ!

ನಾನು ಕಿರುಚಿದೆ. "ಇದು ದುಬಾರೆ ಹೋಂಸ್ಟೇ ಹಳೇ ಬೋರ್ಡು, ಅಡಿಗಡೆ ಆನೆ ಚಿತ್ರ ಅದೆ ಅಂದ್ರಲ್ರೀ!"

ತಮ್ಮನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಕೈ ಬಿಟ್ಟರೆ ಮೆಣಸೆಲ್ಲ ನೀರುಪಾಲು, ಆದ್ದರಿಂದ ಹಲ್ಲು ಕಚ್ಚಿಕೊಂಡು ಅಪ್ಪನನ್ನು ಹಾಗೇ ಹೊತ್ತು ಜಗಲಿಗೆ ತಂದ. ಇಳಿಸಿದ ಮೇಲೆ ಸಿಡಿದ. "ನಮ್ಮಪ್ಪನ ಮೇಲೆ ಮೆಣಸು ಒಣಗಿಸ್ತಿದ್ದೀರಲ್ಲ ಭಾವ! ಮನುಷ್ಯರಾ ನೀವು?"

ಇವರ ಬೀಗವೂ ಕಿತ್ತುಬಂತು. "ನೀನು ತೂಗಿಹಾಕ್ದೋನು, ಬಿಚ್ಚಿದ್ಯೇನೋ? ಮಾವ ತೀರಿದ ಮುಂದಿನ ತಿಂಗಳು ನಾನು ನಿಮ್ಮೂರ ಸಂತೆಗೆ ಬಂದಿದ್ದೆ. ಪಂಚಾಯ್ತಿ ಕಸದ ಟ್ರಾಕ್ಟರಲ್ಲಿ, ಕೋಳಿ ಪುಕ್ಕ, ಕೊಳೆತ ಟೊಮೇಟೊ ಮಧ್ಯ ಮಾವ ಬಿದ್ದಿದ್ರು. ಹತ್ತಿ ಎಳಕಂಡೆ. ಡ್ರೈವರ್ ಬಿಡಲಿಲ್ಲ, ಐವತ್ತು ರೂಪಾಯಿ ಕೊಟ್ಟೆ. ಸೋಪು ಹಾಕಿ ತೊಳೆದೆ. ಬಿಸಿಲಿಗೆ ಮುಖ ಮಾಸಬಾರ್ದು ಅಂತ ಅಡಿಮೇಲು ಹಾಸ್ತೀನಿ. ಇವಳಿಗೆ ಹೇಳಿದ್ರೆ ಅತ್ತುಬಿಡ್ತಾಳೆ ಅಂತ ಆನೆ ಅಂದೆ. ಸುಮ್ನೆ ಮಡಚಿಡಕ್ಕೆ ಮಾತ್ರ ಮನಸ್ಸು ಬರಲಿಲ್ಲ ಕಣಯ್ಯ, ಒಳ್ಳೇ ಗಟ್ಟಿ ಮಾಲು."

ಐವತ್ತು! ಒಂದು ಸ್ಟೇಜ್ ಮೊದಲೇ ಬಸ್ಸಿಳಿದು ನಡೆದು ಬರುವ ಮನುಷ್ಯ, ನನ್ನ ಅಪ್ಪನಿಗಾಗಿ ಐವತ್ತು ರೂಪಾಯಿ ಬಿಚ್ಚಿ, ಎರಡು ವರ್ಷ ಉಸಿರೆತ್ತಿರಲಿಲ್ಲ. ನನಗೆ ಅಳುವೇ ಬಂತು. ಜೊತೆಗೆ ಕೆಟ್ಟ ಸಿಟ್ಟೂ ಬಂತು, ಒಂದು ವಾರ ಉಪ್ಪಿಲ್ಲದ ಸಾರು ಉಂಡರೂ ಬಾಯಿ ಬಿಟ್ಟಿರಲಿಲ್ಲವಲ್ಲ ಇವರು.

ತಮ್ಮ ಫ್ಲೆಕ್ಸಿನ ಪಕ್ಕದಲ್ಲೇ ಕುಸಿದು ಕೂತ. ಆಮೇಲೆ, "ಕನ್ನಡಕ ಮಾಡಿಸ್ಬೇಕಿತ್ತು ನಾನು" ಅಂದ. ಮೂಗು ಒರೆಸಿಕೊಂಡ. "ಅಪ್ಪನ್ನ ನಾನು ತಗಂಡೋಗ್ತೀನಿ ಭಾವ."

"ಮೆಣಸು ಒಣಗ್ಲಿ" ಅಂದರು ಇವರು. "ಒದ್ದೆ ಮಾಲನ್ನ ಎಲ್ಲಿಗೆ ಸುರೀಲಿ? ನೆಲಕ್ಕಾ?"

"ಎಷ್ಟು ದಿನ ಬೇಕು?"

"ಬಿಸಿಲು ಬಿದ್ರೆ ಮೂರು."

"ಬಿಟ್ಟು ಹೋದ್ರೆ ನೀವು ಅಪ್ಪನ್ನ ದನದ ಕೊಟ್ಟಿಗೆಗೆ ಸೂರು ಹೊದಿಸಿದ್ರೂ ಹೊದಿಸ್ದೋರೇ. ಇದ್ದು ತಗಂಡೇ ಹೋಗ್ತೀನಿ" ಅಂದ ತಮ್ಮ, ಚಪ್ಪಲಿ ಬಿಚ್ಚಿದ.

ಮೂರು ದಿನ ಇದ್ದ. ಭಾವನ ಪಂಚೆ ಉಟ್ಟುಕೊಂಡು, ಹೊತ್ತು ಹೊತ್ತಿಗೆ ಮೆಣಸು ಕೆದಕುತ್ತಾ, ಭಾವನ ಜೊತೆ ಗೊಬ್ಬರದ ರೇಟಿಗೆ ಜಗಳವಾಡುತ್ತಾ, ಹೊತ್ತಿಗೆ ನಾಲ್ಕು ರೊಟ್ಟಿ ತಿಂದ. ಮೆಣಸು ಸುರಿಯಲು ಮನೆಯಲ್ಲಿ ಬೇರೇನೂ ಇರಲಿಲ್ಲವೇ ಎಂದರೆ, ಇತ್ತು. ಸಬ್ಸಿಡಿಯಲ್ಲಿ ಸಿಕ್ಕಿದ ಹೊಸ ಟಾರ್ಪಾಲು ಕಟ್ಟು ಬಿಚ್ಚದೆ ಅಟ್ಟದ ಮೇಲಿತ್ತು. ಮೊದಲ ದಿನ ಸಂಜೆ ನನ್ನ ಕಣ್ಣು ಅಟ್ಟದ ಕಡೆ ಹೋದದ್ದನ್ನು ಇವರು ನೋಡಿದರು, ಕಣ್ಣಲ್ಲೇ ಗದರಿದರು. ನಾನು ಬಾಯಿ ಮುಚ್ಚಿಕೊಂಡು ಅಕ್ಕಿ ರೊಟ್ಟಿ ತಟ್ಟಿದೆ.